ಹೂವಿನ ಅಂಗಡಿಯ ಮೇಲಿನ ತೂತು

ಬನ್ನಿ, ಕಾಲು ಮಡಚಿ ಕೂತುಕೊಳ್ಳಿ. ನಮ್ಮ ಮಠದ ಅಜ್ಜನವರು ಹೇಳಿದ ಕತೆ ಇದು. ನಡುವೆ ಎದ್ದು ಹೋದರೆ ನನಗೆ ಸಿಟ್ಟು ಬರುತ್ತದೆ, ಈಗಲೇ ಹೇಳಿರುತ್ತೇನೆ.

ಫ್ರಿಜ್ಜು ರಿಪೇರಿ ಮಾಡುವ ಬೂದೆಪ್ಪ ಒಂದು ದಿನ ಅಜ್ಜನವರನ್ನು ಕೇಳಿದ:

"ಅಜ್ಜಾರೇ, ಆಕಾಶದಲ್ಲಿ ಓಝೋನ್ ಅಂತ ಒಂದು ಪದರ ಇದೆಯಂತೆ. ಸುಡುವ ಬಿಸಿಲನ್ನು ಅದು ತಡೆಯುತ್ತದಂತೆ. ಹಳೇ ಫ್ರಿಜ್ಜಿನ ಗ್ಯಾಸು ಅದನ್ನು ತಿನ್ನುತ್ತದೆ ಅಂತ ದೇಶಗಳೆಲ್ಲ ಸೇರಿ ಆ ಗ್ಯಾಸಿನ ಬಳಕೆಯನ್ನೇ ನಿಲ್ಲಿಸಿದವು. ಆದರೆ ತೂತು ಬಿದ್ದದ್ದು ದಕ್ಷಿಣ ಧ್ರುವದ ಮೇಲೆ. ನಮ್ಮೂರ ಮೇಲೆ ಏನೂ ಇಲ್ಲ. ಹಳೇ ಫ್ರಿಜ್ಜು ಬಿಚ್ಚಿದಾಗ ನಾನು ಗ್ಯಾಸನ್ನು ಗಾಳಿಗೆ ಬಿಟ್ಟರೆ ಯಾರಿಗೇನು ನಷ್ಟ?"

ಅಜ್ಜನವರ ಮುಖ ಕೆಂಪಾಯಿತು. ಬೈಯಲಿಲ್ಲ. ಕತೆ ಹೇಳಿದರು.

ಒಂದು ಪೇಟೆಬೀದಿ ಇತ್ತು. ಬೀದಿಗೆಲ್ಲ ಒಂದೇ ಚಪ್ಪರ, ಚಾಪೆ ಹಾಸಿ ತಂತಿಯಲ್ಲಿ ಬಿಗಿದದ್ದು. ಬೀದಿ ಏರಾಗಿತ್ತು, ಚಪ್ಪರವೂ ಏರಾಗಿತ್ತು. ಕೆಳಗಿನ ತುದಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಮೂವರು. ಮೇಲಿನ ತುದಿಯಲ್ಲಿ ಒಬ್ಬ ಹೂವಾಡಗಿತ್ತಿ, ಅವಳ ಪಕ್ಕ ತೊಟ್ಟಿಲಲ್ಲಿ ಹೆಣ್ಣು ಮಗು. ಯಾರ ಅಂಗಡಿಯ ಮೇಲೆ ಚಪ್ಪರ ಹರಿಯಿತೋ ಅವರೇ ಕಟ್ಟಿಕೊಳ್ಳಬೇಕು. ಅದು ಆ ಬೀದಿಯ ಕಟ್ಟಳೆ.

ಕಲಾಯಿಗಾರರು ಕಾದ ಪಾತ್ರೆಗೆ ನವಸಾಗರದ ಪುಡಿ ಹಾಕುತ್ತಿದ್ದರು. ಬಿಳಿ ಹೊಗೆ ಏಳುತ್ತಿತ್ತು. ಆ ಹೊಗೆ ಚಪ್ಪರದ ಅಡಿಯಲ್ಲೇ ಜಾರಿಕೊಂಡು ಮೇಲಿನ ತುದಿಗೆ ಹೋಗಿ ಅಲ್ಲಿನ ತಂತಿ ತಿನ್ನುತ್ತಿತ್ತು. ಹೂವಾಡಗಿತ್ತಿ ಕಟ್ಟಿದಳು. ಹರಿಯಿತು. ಮತ್ತೆ ಕಟ್ಟಿದಳು, ಮತ್ತೆ ಹರಿಯಿತು. ಒಂದು ದಿನ ಅವಳು ಗಿರಾಕಿಗೆ ಹೂ ಅಳೆಯುವಷ್ಟರಲ್ಲಿ ಚಾಪೆ ಜಾರಿ, ಬಿಸಿಲು ಮಗುವಿನ ಕೆನ್ನೆಯ ಮೇಲೆ ಬಿತ್ತು. ಕೆನ್ನೆಯಲ್ಲಿ ಬೊಬ್ಬೆ ಎದ್ದಿತು.

ಅವಳು ಮೂವರಲ್ಲಿ ದೊಡ್ಡ ಕಲಾಯಿಗಾರನ ಮುಂದೆ ಹೋಗಿ ನಿಂತಳು. ಅವನು ತಲೆ ಎತ್ತದೆ ಹೇಳಿದ: "ನನ್ನ ತಲೆ ಮೇಲೆ ತೂತಿಲ್ಲವಲ್ಲ ತಾಯಿ. ಹೊಗೆಯ ಮೇಲೆ ನನ್ನ ಹೆಸರು ಬರೆದಿದೆಯೇನು?"

"ತೂತಿಲ್ಲದ ಜಾಗ ಇದೊಂದೇ ಅಂದಮೇಲೆ ಮಗು ಇಲ್ಲೇ ಮಲಗಲಿ," ಎಂದು ಅವಳು ತೊಟ್ಟಿಲು ತಂದು ಅವನ ಒಲೆಯ ಪಕ್ಕ ಇಟ್ಟಳು.

ಅವನು ಪುಡಿ ಕೈಗೆತ್ತಿಕೊಂಡ. ಮಗು ಅವನನ್ನೇ ನೋಡಿತು. ಕೈ ಮುಂದೆ ಹೋಗಲಿಲ್ಲ.

"ನಾನೊಬ್ಬನೇ ಬಿಟ್ಟರೆ ಪಾತ್ರೆಯೆಲ್ಲ ಎದುರಿನ ಕಲಾಯಿಗಾರನ ಪಾಲಾಗುತ್ತದಮ್ಮ," ಎಂದ.

"ಹಾಗಾದರೆ ಅವನನ್ನೂ ಕರಿ," ಎಂದಳು ಅವಳು.

ಬೀದಿಯವರೆಲ್ಲ ಸೇರಿದರು. ಕಟ್ಟಳೆ ತಿದ್ದಿದರು: ಇನ್ನು ತೂತು ಯಾರ ಮೇಲಿದೆ ಎಂದು ಕೇಳುವುದಲ್ಲ, ಹೊಗೆ ಯಾರದು ಎಂದು ಕೇಳುವುದು. ಮೂವರೂ ಒಂದೇ ದಿನ ನವಸಾಗರ ಬಿಡಬೇಕು, ಅದರ ಬದಲು ತಂತಿ ತಿನ್ನದ ಮರದ ರಾಳದಲ್ಲಿ ಕೆಲಸ ಮಾಡಬೇಕು. ಮೂವರಲ್ಲಿ ಬಡವನಾದ ಮುದುಕನಿಗೆ ರಾಳ ಕೊಳ್ಳುವ ಶಕ್ತಿ ಇರಲಿಲ್ಲ. ಅವನಿಗೆ ಬೀದಿಯೇ ರಾಳ ಕೊಡಿಸಿತು.

ಮುದುಕ ಮಾತಿಗೆ ತಪ್ಪಲಿಲ್ಲ, ಕೊನೆಯ ತನಕ ರಾಳದಲ್ಲೇ ದುಡಿದ. ಎದುರಿನವನು ಬಾಗಿಲು ಮುಚ್ಚಿಕೊಂಡು ಹಳೇ ಪುಡಿ ಸುಟ್ಟ. ವಾಸನೆ ಹಿಡಿದು ಬೀದಿಯೇ ಬಾಗಿಲಿಗೆ ಬಂದ ಮೇಲೆ ಅವನೂ ಬಿಟ್ಟ. ಹೊಗೆ ತಿಂದ ತಂತಿ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಅಂತೂ ಹೂವಾಡಗಿತ್ತಿ ನೆರಳಲ್ಲಿ ಕೂತು ಹೂ ಕಟ್ಟಿದಳು. ಮಗು ಬೆಳೆದು ದೊಡ್ಡವಳಾದಳು. ಕೆನ್ನೆಯ ಕಲೆ ಹೋಗಲಿಲ್ಲ.

ಬೂದೆಪ್ಪ ಕೇಳಿದ: "ಅಜ್ಜಾರೇ, ಆ ದೊಡ್ಡ ಕಲಾಯಿಗಾರನಿಗೆ ಶಿಕ್ಷೆ ಏನೂ ಆಗಲಿಲ್ಲವೇ?"

ಅಜ್ಜನವರು ಹೇಳಿದರು: "ಆ ಹುಡುಗಿ ದಿನವೂ ಅವನ ಅಂಗಡಿಯ ಮುಂದೆಯೇ ಹಾದುಹೋಗುತ್ತಿದ್ದಳು."

ಬೂದೆಪ್ಪ ಎದ್ದು ಅಂಗಡಿಗೆ ಹೋಗಿ, ಹಳೇ ಫ್ರಿಜ್ಜಿನ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ತುಂಬಿಕೊಂಡ.