ದೇಚಮ್ಮ ಆರಿಸಿದ ತೋಟಾಗಳು

ಕೊಡಗಿನ ಒಂದು ಊರಿನಲ್ಲಿ ಉತ್ತಯ್ಯ ಎಂಬ ಹಿರಿಯರಿದ್ದರು. ಕೈಲ್ ಮುಹೂರ್ತದ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದಲ್ಲ, ಅದಕ್ಕೆ ಊರವರಿಗೆಲ್ಲ ತೋಟಾ ತುಂಬಿಕೊಡುತ್ತಿದ್ದವರು ಅವರೇ. ಒಮ್ಮೆ ಹಾರಿಸಿದ ಖಾಲಿ ತೋಟಾಕ್ಕೆ ಹೊಸದಾಗಿ ಮದ್ದು, ಸೀಸದ ಚರೆ ತುಂಬಿ ಬಾಯಿ ಮಡಚುವ ಕೆಲಸ ಅದು. ಕಣ್ಣು ಮಂಜಾದ ಮೇಲೆ ಅದನ್ನು ಸೊಸೆ ದೇಚಮ್ಮನಿಗೆ ಕಲಿಸಿದರು. ಅವಳ ಕೈ ಚುರುಕು. ಗುರಿಯೂ ಚೆನ್ನಾಗಿತ್ತು.

ಮನೆಯಲ್ಲಿ ಒಂದು ತಗಡಿನ ಡಬ್ಬಿ ತುಂಬ ಹಳೆಯ ಖಾಲಿ ತೋಟಾಗಳಿದ್ದವು. ಎಲ್ಲವೂ ಒಂದೇ ಕಂಪನಿಯವು, ಬಣ್ಣ ಮಾಸಿದವು. ದೇಚಮ್ಮನಿಗೆ ಅವು ಹಿಡಿಸಲಿಲ್ಲ. ಪಕ್ಕದ ಊರಿನ ಪಂದ್ಯ ಮುಗಿದ ಮೈದಾನದಲ್ಲಿ ಕೆಂಪು, ನೀಲಿ ತೋಟಾಗಳು ಬಿದ್ದಿದ್ದವು. ಹಿತ್ತಾಳೆಯ ತಳ ಫಳಫಳ ಹೊಳೆಯುತ್ತಿತ್ತು. ಒಂದು ಚೀಲ ತುಂಬಿಕೊಂಡು ಬಂದು, ಮಾವನಿಗೆ ಹೇಳದೆ ಅವುಗಳಲ್ಲೇ ಒಂದಷ್ಟನ್ನು ತುಂಬಿದಳು. ಇಪ್ಪತ್ತೈದನ್ನು ನೆರೆಮನೆಯ ಸೋಮಣ್ಣನಿಗೂ ಕೊಟ್ಟಳು.

ಮರುದಿನ ಅಭ್ಯಾಸಕ್ಕೆ ನಿಂತಾಗ ಮೊದಲನೆಯದು ಸರಿಯಾಗಿ ಹೋಯಿತು. ಎರಡನೆಯದರ ಗುಂಡು ಹಾರಿತು, ಖಾಲಿ ತೋಟಾ ಮಾತ್ರ ಕೋವಿಯೊಳಗೇ ಸಿಕ್ಕಿಕೊಂಡಿತು. ಕೋಲು ಹಾಕಿ ತಳ್ಳಬೇಕಾಯಿತು. ಮೂರನೆಯದು ಒಳಗೇ ಹೋಗಲಿಲ್ಲ. ಎಣ್ಣೆ ಸವರಿ ನೋಡಿದಳು, ಪ್ರಯೋಜನವಾಗಲಿಲ್ಲ.

"ಮಾವ, ಈ ಕೋವಿಗೆ ವಯಸ್ಸಾಯಿತು. ಒಳಗೆ ಸ್ವಲ್ಪ ಉಪ್ಪುಕಾಗದ ಹಾಕಿ ಉಜ್ಜಲೇ?" ಎಂದು ಕೇಳಿದಳು.

ಉತ್ತಯ್ಯ ತಲೆಯಾಡಿಸಿದರು. "ಬೇಡ ಮಗಳೇ. ಹೋದ ವರ್ಷವೂ ಇದೇ ಕೋವಿ ಅಲ್ಲವೇ? ಈ ವರ್ಷ ಬದಲಾದದ್ದು ಏನು?"

ದೇಚಮ್ಮ ಒಳಗೆ ಹೋಗಿ, ಇನ್ನೂ ತುಂಬದ ತೋಟಾಗಳಿದ್ದ ಚೀಲ ತಂದು ಮಾವನ ಮುಂದಿಟ್ಟಳು.

ಉತ್ತಯ್ಯ ಕೋವಿಯ ನಳಿಗೆಯನ್ನು ಬಿಚ್ಚಿಸಿದರು. ಅದರೊಳಗೆ ಖಾಲಿ ತೋಟಾಗಳನ್ನು ಒಂದೊಂದಾಗಿ ಹಾಕಲು ಹೇಳಿದರು. ಡಬ್ಬಿಯವು ತಾವಾಗಿ ಇಳಿದವು, ನಳಿಗೆ ಓರೆ ಮಾಡಿದರೆ ತಾವಾಗಿ ಜಾರಿ ಹೊರಬಂದವು. ಚೀಲದವು ಬಹಳಷ್ಟು ಹಿತ್ತಾಳೆಯ ಹತ್ತಿರ ಬಂದು ನಿಂತುಬಿಟ್ಟವು.

"ಗುಂಡು ಹಾರುವಾಗ ಹಿತ್ತಾಳೆ ಹಿಗ್ಗುತ್ತದೆ. ಡಬ್ಬಿಯವು ನಮ್ಮ ಕೋವಿಯಲ್ಲೇ ಹಾರಿದವು, ಇವು ಬೇರೆ ಬೇರೆ ಕೋವಿಗಳಲ್ಲಿ ಹಿಗ್ಗಿ ಬಂದಿವೆ. ನಮ್ಮದರಲ್ಲಿ ಹೇಗೆ ಕೂತಾವು?" ಎಂದರು ಉತ್ತಯ್ಯ.

ಪಂದ್ಯಕ್ಕೆ ಎರಡೇ ದಿನ ಉಳಿದಿತ್ತು. ಸೋಮಣ್ಣನಿಗೆ ಹೇಳಿದರೆ ಊರೆಲ್ಲ ನಕ್ಕೀತು ಎಂದು ದೇಚಮ್ಮನಿಗೆ ಅಳುಕು. ಹೇಳದಿದ್ದರೂ ನಡೆದೀತು, ಅರ್ಧದಷ್ಟಾದರೂ ಸರಿಯಾಗಿ ಹಾರಬಹುದು. ಆದರೂ ಎದ್ದು ಸೋಮಣ್ಣನ ಮನೆಗೆ ನಡೆದಳು.

ಸೋಮಣ್ಣ ಅಂಗಳದಲ್ಲಿ ತನ್ನ ಕೋವಿಯನ್ನು ಗೋಣಿಯಲ್ಲಿ ಸುತ್ತುತ್ತಿದ್ದ.

"ಎಲ್ಲಿಗೆ ಸೋಮಣ್ಣ?"

"ಪೇಟೆಗೆ, ರಿಪೇರಿಗೆ. ಬೆಳಿಗ್ಗೆಯಿಂದ ನಾಲ್ಕು ತೋಟಾ ಸಿಕ್ಕಿಕೊಂಡಿತು. ಒಳಗೆ ಕೊರೆದು ಅಗಲ ಮಾಡಿಸಬೇಕು. ಅಪ್ಪ ಕೊಟ್ಟ ಕೋವಿ, ಮನಸ್ಸಿಲ್ಲ. ಏನು ಮಾಡುವುದು?"

"ಕೋವಿ ಸರಿಯಾಗಿದೆ. ತಪ್ಪು ನನ್ನದು. ಬೇರೆ ಕೋವಿಗಳಲ್ಲಿ ಹಾರಿ ಹಿಗ್ಗಿದ ತೋಟಾಗಳನ್ನು ಹೊಳಪು ನೋಡಿ ಆರಿಸಿದೆ," ಎಂದಳು ದೇಚಮ್ಮ.

ಸೋಮಣ್ಣ ಅವಳನ್ನೇ ನೋಡಿದ. ನಗಲಿಲ್ಲ. ಗೋಣಿ ಬಿಚ್ಚಿ ಕೋವಿಯನ್ನು ಗೋಡೆಗೆ ಒರಗಿಸಿ, "ಒಂದು ಗಂಟೆ ತಡವಾಗಿದ್ದರೆ ಕೊರೆಸಿಬಿಡುತ್ತಿದ್ದೆ. ಬಾ, ಕಾಫಿ ಕುಡಿ. ಆಮೇಲೆ ಇಬ್ಬರೂ ಸೇರಿ ಆರಿಸುವ," ಎಂದ.

ದೇಚಮ್ಮನ ಮನೆಯ ಡಬ್ಬಿಯಲ್ಲಿದ್ದ ಅರವತ್ತು ತೋಟಾಗಳಲ್ಲಿ ಬಾಯಿ ಸೀಳಿದವನ್ನು ತೆಗೆದರು. ಉಳಿದವನ್ನು ಇಬ್ಬರ ಕೋವಿಗೂ ಹಾಕಿ ನೋಡಿದರು. ಸರಿಹೊಂದಿದವು ಮೂವತ್ತೆಂಟು. ದೇಚಮ್ಮ ಅಷ್ಟನ್ನೇ ತುಂಬಿದಳು.

ಪಂದ್ಯದ ದಿನ ಒಂದೂ ಸಿಕ್ಕಿಕೊಳ್ಳಲಿಲ್ಲ. ಸೋಮಣ್ಣನ ಗುರಿ ತಪ್ಪಿತು. ದೇಚಮ್ಮ ಮೂರನೆಯ ಗುಂಡಿಗೆ ಕಾಯಿ ಒಡೆದಳು. ಇಷ್ಟು ನಯವಾಗಿ ಹೋಗುವ ತೋಟಾ ತುಂಬಿದ್ದು ಯಾರು ಎಂದು ಪಕ್ಕದ ಊರಿನವರು ಕೇಳಿದರು.

"ನಮ್ಮ ಸೊಸೆ," ಎಂದರು ಉತ್ತಯ್ಯ, ಅವಳಿಗೂ ಕೇಳಿಸುವಷ್ಟು ಗಟ್ಟಿಯಾಗಿ.

ನೀತಿ: ಹೊಳಪು ನೋಡಿ ಆರಿಸಬೇಡ, ಹೊಂದುತ್ತದೆಯೇ ನೋಡಿ ಆರಿಸು. ಆರಿಸಿದ್ದು ತಪ್ಪೆಂದು ತಿಳಿದ ದಿನವೇ ಹೇಳಿಬಿಡು. ಇಲ್ಲದಿದ್ದರೆ ನಿನ್ನ ತಪ್ಪಿಗೆ ಇನ್ನೊಬ್ಬರ ಒಳ್ಳೆಯ ವಸ್ತು ಹಾಳಾದೀತು.