ಮುಖ ಮಾತ್ರ ಸಾಕು

“ಗುರುಗಳೇ, ಮಠಕ್ಕೆ ಬರುವ ಮೊದಲು ನಾನು ಹಾಡುತ್ತಿದ್ದೆ. ಈಗ ಪ್ರವಚನ ಮಾಡುತ್ತೇನೆ. ಜನ ಮೆಚ್ಚುತ್ತಾರೆ, ಕೇಳುತ್ತಾ ಕಣ್ಣೊರೆಸಿಕೊಳ್ಳುತ್ತಾರೆ. ಆದರೂ ಎಲ್ಲಿಂದಲಾದರೂ ಹಾಡು ಕಿವಿಗೆ ಬಿದ್ದರೆ ನಾನೂ ಹಾಡಬೇಕು ಎನಿಸುತ್ತದೆ. ಈ ಹಂಬಲವನ್ನು ಕಿತ್ತುಹಾಕುವುದು ಹೇಗೆ?” ಎಂದು ಶಿಷ್ಯನೊಬ್ಬ ಕೇಳಿದ.

“ಕಿತ್ತುಹಾಕಲು ಅದೇನು ಹೊಲದ ಕಳೆಯೇ? ಕೂತುಕೋ” ಎಂದು ಗುರುಗಳು ನಕ್ಕು, ಹೇಳತೊಡಗಿದರು.

ಒಬ್ಬ ನರ್ತಕಿ ಇದ್ದಳು. ವೇದಿಕೆಯ ಮೇಲೆ ಕುಣಿದು ಹೆಸರು ಮಾಡಿದವಳು. ಆಮೇಲೆ ಹೊಟ್ಟೆಪಾಡಿಗೆಂದು ಸಿನಿಮಾಗಳಿಗೆ ನೃತ್ಯ ಸಂಯೋಜಿಸತೊಡಗಿದಳು. ನೆಟ್ಟಗೆ ನಿಲ್ಲಲೂ ಬಾರದ ನಾಯಕರಿಗೆ ಹೆಜ್ಜೆ ಕಲಿಸಿ, ತಾನು ಕ್ಯಾಮೆರಾದ ಹಿಂದೆ ನಿಂತು ತಾಳ ಹಾಕುತ್ತಿದ್ದಳು. ಒಂದು ದಿನ ತಾಯಿಯ ಪಾತ್ರದವಳು ಬರಲಿಲ್ಲ. ನಿರ್ದೇಶಕ ಇವಳನ್ನೇ ಕಿಟಕಿಯ ಬಳಿ ಕೂರಿಸಿದ. ಮಗನ ದಾರಿ ಕಾಯುವ ದೃಶ್ಯ. ಮುಖ ಮಾತ್ರ ಸಾಕು ಎಂದ. ಆ ಮುಖ ತೆರೆಯ ಮೇಲೆ ಬಂದಾಗ ಜನ ಮಿಸುಕಾಡದೆ ನೋಡಿದರು. ಹಾಗೆ ಅವಳು ನಟಿಯಾದಳು.

ಅಲ್ಲಿಂದ ಹದಿನೈದು ವರ್ಷ ಅವಳಿಗೆ ಕೂತು ಕಾಯುವ ಪಾತ್ರಗಳೇ ಬಂದವು. ಒಮ್ಮೆ ಚಿತ್ರೀಕರಣದ ನಡುವೆ, ಎಲ್ಲಿಂದಲೋ ಸದ್ದು ಬರುತ್ತಿದೆ ಎಂದು ಧ್ವನಿ ಹಿಡಿಯುವವನು ಗೊಣಗಿದ. ಹುಡುಕಿದರೆ ಅವಳ ಪಾದಗಳೇ ನೆಲಕ್ಕೆ ತಾಳ ಹಾಕುತ್ತಿದ್ದವು. ಅವಳಿಗೆ ಅದರ ಅರಿವೇ ಇರಲಿಲ್ಲ. ಮರುದಿನದಿಂದ ಅವಳ ಕಾಲಡಿಗೆ ದಪ್ಪ ಕಂಬಳಿ ಮಡಿಸಿ ಹಾಸುವುದು ಪದ್ಧತಿಯಾಯಿತು. ಮನೆಯಲ್ಲಿ ಕುಣಿದರಾಗದೇ ಎಂದು ನೀನು ಕೇಳಬಹುದು. ಕುಣಿಯುತ್ತಿದ್ದಳು. ನೋಡುವವರಿಲ್ಲದ ಕುಣಿತ ಬರೀ ಅಭ್ಯಾಸವಪ್ಪಾ, ಅದರಿಂದ ಅವಳ ಆಸೆ ತೀರಲಿಲ್ಲ.

ಕಡೆಗೊಮ್ಮೆ ವಯಸ್ಸಾದ ನರ್ತಕಿಯ ಪಾತ್ರ ಬಂತು. ಅವಳು ಹಿಗ್ಗಿಹೋದಳು. ತಾನೇ ನೃತ್ಯ ಸಂಯೋಜಿಸಿ, ತಿಂಗಳುಗಟ್ಟಲೆ ಬೆಳಗಿನ ಹೊತ್ತು ಬೆವರು ಸುರಿಸಿದಳು. ಚಿತ್ರೀಕರಣದ ದಿನ ಹೋಗಿ ನೋಡುತ್ತಾಳೆ, ಗೆಜ್ಜೆ ಕಟ್ಟಿಕೊಂಡು ಬೇರೊಬ್ಬ ತರುಣಿ ನಿಂತಿದ್ದಾಳೆ.

“ಒಂದೇ ಒಂದ್ಸಲ ಕ್ಯಾಮೆರಾ ಕೆಳಗಿಳಿಸಿ ಸಾರ್. ನನ್ನ ಕಾಲು ಇನ್ನೂ ಸೋತಿಲ್ಲ” ಎಂದು ಅವಳು ಬೇಡಿಕೊಂಡಳು.

“ಪಾದಕ್ಕೆ ಈ ಹುಡುಗಿ ಇದಾಳಲ್ಲಮ್ಮ. ಜನ ಬರೋದು ನಿಮ್ಮ ಮುಖ ನೋಡೋಕೆ” ಎಂದ ನಿರ್ದೇಶಕ.

ಅವಳು ತಾನು ಕಟ್ಟಿದ ಹೆಜ್ಜೆಗಳನ್ನು ಒಂದೊಂದಾಗಿ ಆ ತರುಣಿಗೆ ಹೇಳಿಕೊಟ್ಟಳು. ಆಕೆ ಕುಣಿಯುವಾಗ ಎದುರಿಗೆ ಕೂತು ಸುಮ್ಮನೆ ನೋಡಿದಳು. ಒಂದು ಕ್ಯಾಮೆರಾ ಆಕೆಯ ಪಾದದ ಮೇಲಿತ್ತು, ಇನ್ನೊಂದು ಇವಳ ಮುಖದ ಮೇಲೆ. ಆ ಮುಖ ಕಂಡು ಊರೂರಲ್ಲಿ ಜನ ಬಿಕ್ಕಿ ಬಿಕ್ಕಿ ಅತ್ತರು. ಇಂಥ ಅಭಿನಯ ಹಿಂದೆ ನೋಡಿರಲಿಲ್ಲ ಎಂದರು. ದೊಡ್ಡ ಪ್ರಶಸ್ತಿ ಬಂತು. ಅದನ್ನು ಮಡಿಲಲ್ಲಿಟ್ಟುಕೊಂಡು ಅವಳೂ ಅತ್ತಳು. ಒಂದು ಸಲ, ಒಂದೇ ಒಂದು ಸಲ ಕುಣಿಯಬೇಕಿತ್ತು ಎಂದು ಅತ್ತಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನ ಮನಸ್ಸು ಕರಗಿತ್ತು. “ಪಾಪ, ಆ ಹಂಬಲವನ್ನು ಮೊದಲೇ ಬಿಟ್ಟುಬಿಟ್ಟಿದ್ದರೆ ಎಷ್ಟು ನೆಮ್ಮದಿಯಾಗಿರುತ್ತಿದ್ದಳು!” ಎಂದ.

“ಬಿಟ್ಟುಬಿಟ್ಟಿದ್ದರೆ, ಆ ಮುಖದಲ್ಲಿ ಜನ ನೋಡುವುದಕ್ಕೆ ಏನಿರುತ್ತಿತ್ತು?”