ಮರಳಲ್ಲಿ ಬಿತ್ತಿದ ಮುಸುವ

ಮಕ್ಕಳೇ, ಬಿದಿರು ಹೂಬಿಟ್ಟರೆ ಚಂದವೆಂದು ನೀವು ಚಪ್ಪಾಳೆ ತಟ್ಟೀರಿ. ಕಾಡಿನವರು ತಟ್ಟುವುದಿಲ್ಲ. ಹೂಬಿಟ್ಟ ಬಿದಿರು ಒಣಗುತ್ತದೆ. ಒಣಗಿದ ಮೆಳೆ ಗಾಳಿಗೆ ಒಂದಕ್ಕೊಂದು ಉಜ್ಜಿ, ಒಂದಲ್ಲ ಒಂದು ದಿನ ಬೆಂಕಿ ಹೊತ್ತಿಕೊಳ್ಳುತ್ತದೆ.

ಹೊಳೆಯಂಚಿನ ಒಂದು ಕಾಡಿನಲ್ಲಿ ಹಾಗೆ ಬಿದಿರು ಹೂಬಿಟ್ಟಿತು. ಕಾಡಿನ ಹಿರಿಯರಾದ ಆನೆ ದೊಡ್ಡಗೌಡರು ಎಲ್ಲರನ್ನೂ ಕರೆದರು. ಹಳೆಯ ಪದ್ಧತಿಯಂತೆ ಪ್ರತಿ ಮನೆಯವರೂ ತಾವು ಕೂಡಿಟ್ಟ ಕಾಡುಹುರುಳಿಯಲ್ಲಿ ಅರ್ಧವನ್ನು ಹೊಳೆದಂಡೆಯ ಕಲ್ಲುಗವಿಗೆ ಸುರಿದರು. ಗವಿಯ ಬಾಯಿಗೆ ಗೌಡರು ಬಂಡೆ ಮುಚ್ಚಿದರು. ಅದನ್ನು ಸರಿಸುವ ಬಲ ಅವರೊಬ್ಬರಿಗೇ ಇತ್ತು.

"ಕಾಡು ಸುಟ್ಟ ದಿನ ತೆಗೆಯೋಣ. ಅಲ್ಲಿವರೆಗೆ ಯಾರೂ ಕೇಳಬಾರದು" ಎಂದರು.

ಅಳಿಲು ಚಿನ್ನವ್ವನ ಗೂಡು ಬಿದಿರುಮೆಳೆಯ ಪಕ್ಕದ ಮತ್ತಿಮರದಲ್ಲಿತ್ತು. ಗಾಳಿ ಬೀಸಿದಾಗಲೆಲ್ಲ ಕಿರ್ರ್, ಕಿರ್ರ್ ಎಂಬ ಸದ್ದು. ಅವಳ ಜೀವ ಬಾಯಿಗೆ ಬರುತ್ತಿತ್ತು. ಮರಿಗಳನ್ನು ಬಾಲದಿಂದ ಮುಚ್ಚಿಕೊಂಡು, "ಹೆದರಬೇಡ್ರೋ, ಗವಿಯಲ್ಲಿ ನಮ್ಮ ಕಾಳಿದೆ" ಎನ್ನುತ್ತಿದ್ದಳು.

ಅದೇ ಕಾಡಿನಲ್ಲಿ ಕರಿಯಣ್ಣನೆಂಬ ಮುಸುವನಿದ್ದ. ಮುಖ ಕಪ್ಪು, ಮಾತು ಬೆಣ್ಣೆ.

"ಮನೆಯಲ್ಲಿ ಉಳಿದ ಹುರುಳಿ ನನಗೆ ಕೊಡಿ. ಹೊಳೆಯ ಮರಳುದಿಬ್ಬದಲ್ಲಿ ಬಿತ್ತುತ್ತೇನೆ. ಒಂದಕ್ಕೆರಡು ನಿಮಗೆ, ಮಿಕ್ಕಿದ್ದೆಲ್ಲ ನನಗೆ!"

ಮೊಲಗಳು ಕೊಟ್ಟವು, ನವಿಲುಗಳೂ ಕೊಟ್ಟವು. ಚಿನ್ನವ್ವ ಮಾತ್ರ ಕೊಡಲಿಲ್ಲ. "ಹೊಳೆ ಯಾರ ಮಾತೂ ಕೇಳೋದಿಲ್ಲ ಕಣಣ್ಣ" ಎಂದಳು.

ಆ ಚಳಿಗಾಲ ಬೆಳೆ ಬಂತು. ಕರಿಯಣ್ಣನ ಹೊಟ್ಟೆ ಮುಂದೆ ಬಂತು. ಮರುವರ್ಷ ಅವನು ಇನ್ನೂ ಕೆಳಗೆ, ತೇವದ ಮರಳಿನಲ್ಲಿ ಬಿತ್ತಿದ. ಅಲ್ಲಿ ಫಸಲು ಜಾಸ್ತಿ. ಆದರೆ ಅಕಾಲದಲ್ಲಿ ಮಳೆ ಸುರಿದು, ಹೊಳೆ ಉಕ್ಕಿ ಎಲ್ಲವನ್ನೂ ಬಾಚಿಕೊಂಡು ಹೋಯಿತು.

ಮೊಲಗಳು ಗೋಳಾಡಿದವು. ಕರಿಯಣ್ಣ ಅಳಲಿಲ್ಲ, ನೇರ ಗೌಡರ ಬಳಿ ಹೋದ.

"ಮೊಲಗಳೆಲ್ಲ ಕಾಡು ಬಿಟ್ಟು ಹೋಗ್ತಾವಂತೆ ಗೌಡ್ರೇ. ಆಮೇಲೆ ನೀವು ಯಾರಿಗೆ ಗೌಡರು?"

ಗೌಡರಿಗೆ ದಿಗಿಲಾಯಿತು. ಬಂಡೆ ಸರಿಸಿದರು. ಕರಿಯಣ್ಣ ಕಳೆದದ್ದನ್ನು ಕೊಟ್ಟವರಿಗೆ ತುಂಬಿಕೊಡುವಷ್ಟರಲ್ಲಿ ಗವಿಯ ಅರ್ಧ ಹುರುಳಿ ಖಾಲಿಯಾಯಿತು.

"ಬೆಂಕಿ ಬಿದ್ದರೆ ಏನು ಗತಿ ಗೌಡ್ರೇ?" ಚಿನ್ನವ್ವ ಕೇಳಿದಳು.

"ಇನ್ನೂ ಅರ್ಧ ಇದೆಯಲ್ಲವ್ವಾ. ಇದೊಂದು ಸಲ."

ಕರಿಯಣ್ಣನಿಗೆ ಅಷ್ಟೇ ಸಾಕಾಯಿತು. ಮುಂದಿನ ವರ್ಷ ನೀರಿನ ಅಂಚಿನಲ್ಲೇ ಬಿತ್ತನೆ! ಹಿಂದೆ ಹೆದರಿ ದೂರ ನಿಂತವರೂ ಈಗ ಓಡಿ ಬಂದು ಕೊಟ್ಟರು.

"ಮುಳುಗಿದರೆ?" ಎಂದಿತು ಒಂದು ನವಿಲು.

"ಗೌಡರ ಸೊಂಡಿಲು ಇಲ್ಲವೇನೋ?" ಎಂದು ಕರಿಯಣ್ಣ ನಕ್ಕ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಹೊಳೆ ಮತ್ತೆ ಉಕ್ಕಿತು. ಗೋಳು ಮತ್ತೆ ಎದ್ದಿತು. ಗೌಡರು ಮತ್ತೆ ಬಂಡೆ ಸರಿಸಿದರು. ಈ ಸಲ ಎಷ್ಟು ಕೊಟ್ಟೆವೆಂದು ಯಾರೂ ನೋಡಲೇ ಇಲ್ಲ.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಬಿರುಗಾಳಿ ಎದ್ದಿತು. ಕಿರ್ರ್, ಕಿರ್ರ್, ಕಿರ್ರ್. ಆಮೇಲೆ ಹೊಗೆಯ ವಾಸನೆ. ಚಿನ್ನವ್ವ ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು, ಇನ್ನೊಂದನ್ನು ಬೆನ್ನಿಗೆ ಅಂಟಿಸಿಕೊಂಡು ಹೊಳೆದಂಡೆಗೆ ಓಡಿದಳು. ಹಿಂದೆ ಕಾಡು ಧಗಧಗ ಉರಿಯುತ್ತಿತ್ತು. ಬೆಂಕಿ ಆರುವಷ್ಟರಲ್ಲಿ ಗೂಡಿನ ಕಾಳೂ ಬೂದಿಯಾಗಿ, ತಿನ್ನಲು ಒಂದು ಹಸಿರೆಲೆಯೂ ಉಳಿದಿರಲಿಲ್ಲ.

ಎಲ್ಲರೂ ಗವಿಯ ಮುಂದೆ ನಿಂತರು. ಗೌಡರು ಬಂಡೆ ಸರಿಸಿ ಸೊಂಡಿಲನ್ನು ಒಳಗೆ ಚಾಚಿ ತಡಕಾಡಿದರು. ಮೂಲೆಮೂಲೆ ತಡಕಾಡಿದರು. ಹೊರಗೆ ಬಂದದ್ದು ಬರೀ ಧೂಳು.

ಕರಿಯಣ್ಣ ಆಗಲೇ ಕೊಂಬೆಯಿಂದ ಕೊಂಬೆಗೆ ಹಾರಿ ಹೊಳೆಯಾಚೆಯ ಕಾಡು ಸೇರಿದ್ದ. ಅಲ್ಲೂ ಒಂದು ಮರಳುದಿಬ್ಬವಿತ್ತು.

"ಅವ್ವಾ, ನಮ್ಮ ಕಾಳು?" ಮರಿ ಕೇಳಿತು.

ಚಿನ್ನವ್ವ ತಲೆಯೆತ್ತಿ ನೋಡಿದಳು. "ಗೌಡ್ರೇ, ನಾನು ಅವನಿಗೆ ಒಂದು ಕಾಳೂ ಕೊಟ್ಟಿರಲಿಲ್ಲವಲ್ಲ?"

ಗೌಡರು ಆ ಖಾಲಿ ಗವಿಗೆ ಮತ್ತೆ ಬಂಡೆ ಮುಚ್ಚತೊಡಗಿದರು.

ನೀತಿ: ಸೋತ ಜೂಜುಗಾರನಿಗೆ ಎಲ್ಲರ ಕಣಜ ತೆರೆದರೆ ಅವನ ಜೂಜು ಹಿಗ್ಗುತ್ತದೆ, ಹಸಿವು ಜೂಜಾಡದವರ ಪಾಲಿಗೆ ಬರುತ್ತದೆ.